ಗಾಜಿನಡಿಯ ಬಿಸಿಲು

ಮಧ್ಯಾಹ್ನ ಹನ್ನೆರಡೂವರೆ. ತಾರಸಿಯ ಮೇಲಿನ ಯಂತ್ರದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಬಿಸಿಲಿನಿಂದ ಅಪಾಯವಿಲ್ಲ ಎಂದು ಅದರ ಅರ್ಥ. ಯಂತ್ರ ಮಾಡಿದ ರೇಡಿಯೋ ರಿಪೇರಿಯವನ ಬೋಳುತಲೆ ಮಾತ್ರ ಕಾದ ಕಾವಲಿಯಾಗಿತ್ತು.

‘ಶಾಖ ಬೇರೆ, ನೇರಳಾತೀತ ಕಿರಣ ಬೇರೆ’ ಎಂದು ಅವನು ತಲೆಗೆ ಸಮಾಧಾನ ಹೇಳಿದ. ತಲೆಗೇನು ಗೊತ್ತು? ಯಂತ್ರದೊಳಗಿರುವುದು ವಿಜ್ಞಾನ.

ಯಂತ್ರ ಅಕ್ಕನಿಗಾಗಿ. ಅವಳಿಗೊಂದು ಚರ್ಮದ ಕಾಯಿಲೆ. ಆ ಕಿರಣ ಜೋರಾಗಿ ತಾಗಿದರೆ ದದ್ದು, ಅದರ ಬೆನ್ನಿಗೇ ಜ್ವರ. ಬೀದಿಯ ಕೊನೆಯಲ್ಲಿದ್ದ ಅವಳ ಹೊಲಿಗೆ ಅಂಗಡಿ ಬೇಸಿಗೆಯಿಡೀ ಮುಚ್ಚಿತ್ತು. ಇವನು ಉಗುರಿನಷ್ಟು ಸೆನ್ಸರ್, ಹಳೆಯ ಮೊಬೈಲಿನ ಬ್ಯಾಟರಿ, ಕೆಂಪು ಹಸಿರು ದೀಪಗಳನ್ನು ಊಟದ ಡಬ್ಬಿಯೊಳಗೆ ಕೂರಿಸಿದ. ಹವಾಮಾನ ಕಚೇರಿಯ ಅಂಕಿಗಳೊಂದಿಗೆ ತಾಳೆ ನೋಡಿದ, ಸರಿಹೊಂದಿತು. ಆಮೇಲೆ, ಮಳೆನೀರು ಇಳಿದೀತೆಂದು, ಮುಚ್ಚಳ ಕೊರೆದು ಫೋಟೋ ಫ್ರೇಮಿನ ಗಾಜು ಅಂಟಿಸಿದ. ಮತ್ತೆ ತಾಳೆ ನೋಡಲಿಲ್ಲ. ಪಾಸಾದವನು ಯಾಕೆ ಇನ್ನೊಮ್ಮೆ ಪರೀಕ್ಷೆಗೆ ಕೂರಬೇಕು?

“ಏನಪ್ಪಾ ವಿಜ್ಞಾನಿ, ಅಂಗಡಿಗೆ ಹೋಗ್ಲಾ?” ಕೆಳಗಿನಿಂದ ಅಕ್ಕ ಕೂಗಿದಳು.

“ಧಾರಾಳವಾಗಿ ಹೋಗಕ್ಕಾ!”

“ನೀನು ರಿಪೇರಿ ಮಾಡಿದ ರೇಡಿಯೋ ಥರ ಮಧ್ಯದಲ್ಲಿ ಕೈ ಕೊಡಲ್ಲ ತಾನೆ?”

“ನನ್ನ ಮೇಲೆ ಇಷ್ಟೇನಾ ನಂಬಿಕೆ?”

ಗೇಟು ಕಿರುಗುಟ್ಟಿತು. ಇಂಥ ಐತಿಹಾಸಿಕ ಗಳಿಗೆಗೆ ಒಂದು ಫೋಟೋ ಬೇಡವೇ? ಮೊಬೈಲ್ ಹಿಡಿದರೆ ಗಾಜಿನೊಳಗೆ ಅವನದೇ ಬೋಳುತಲೆ ಹೊಳೆಯಿತು. ತಲೆ ತೆಗೆದಿಡುವಂತಿರಲಿಲ್ಲ, ಮುಚ್ಚಳ ತೆಗೆದ.

ದೀಪ ಕೆಂಪಾಯಿತು.

ಮುಚ್ಚಿದ: ಹಸಿರು. ತೆಗೆದ: ಕೆಂಪು. ಗಾಜು ಬೆಳಕನ್ನು ಒಳಗೆ ಬಿಟ್ಟು, ಚರ್ಮ ಸುಡುವ ಕಿರಣವನ್ನು ಬಹುಪಾಲು ಹೊರಗೇ ತಡೆಯುತ್ತಿತ್ತು. ಅಕ್ಕನಿಗಿಂತ ಸೆನ್ಸರನ್ನೇ ಅವನು ಚೆನ್ನಾಗಿ ಕಾಪಾಡಿದ್ದ.

ಛತ್ರಿ ಹಿಡಿದು ಬರಿಗಾಲಲ್ಲಿ ಓಡಿದ. ಸುಡುವ ರಸ್ತೆಯಲ್ಲಿ ಕುಣಿಕುಣಿದು ಓಡುತ್ತಲೇ ಒಂದು ಸುಳ್ಳನ್ನೂ ಹೊಂದಿಸಿಕೊಂಡ: ಬ್ಯಾಟರಿ ಹೋಗಿತ್ತು ಎಂದರಾಯಿತು.

ಅಕ್ಕ ಅರ್ಧದಾರಿಯಲ್ಲಿ, ರವಿಕೆಯ ಉದ್ದ ತೋಳು ಮೇಲಕ್ಕೆ ಮಡಚಿಕೊಂಡು, ನೆತ್ತಿಯ ಬಿಸಿಲಲ್ಲೇ ನಿಂತಿದ್ದಳು. ಬೇಕರಿಯವನಿಗೆ ಹೇಳುತ್ತಿದ್ದಳು: “ನಮ್ಮ ತಮ್ಮನೇ ಮಾಡಿದ್ದು ಕಣ್ರೀ. ಸಣ್ಣವನಿದ್ದಾಗ್ಲಿಂದ ಅವನ ತಲೆ ಚುರುಕು.”

ಬ್ಯಾಟರಿಯ ಸುಳ್ಳನ್ನು ಅಲ್ಲೇ ಕೈಬಿಟ್ಟ. ಅವನು ಛತ್ರಿ ಬಿಚ್ಚಿ ಅವಳ ಮೇಲೆ ಹಿಡಿದ.

“ಅಕ್ಕಾ, ಮನೆಗೆ ನಡಿ. ಯಂತ್ರ ಸರಿಯಾಗೇ ಇದೆ. ಅದರ ಕಣ್ಣಿಗೆ ನಾನೇ ಗಾಜು ಹಾಕಿ ಮುಚ್ಚಿದ್ದೆ.”

ಅವಳು ತೋಳು ಇಳಿಸಿಕೊಂಡಳು. “ಚುರುಕು ಅಂದೆನಲ್ಲ, ಬೇಕರಿಯವ್ರೇ, ಅದನ್ನ ವಾಪಸ್ ತಗೊಂಡಿದ್ದೀನಿ.”

ಸಂಜೆಗೆ ಅವಳ ಮುಂಗೈಗಳಲ್ಲಿ ದದ್ದು ಎದ್ದಿತು, ಜ್ವರವೂ ಬಂತು. ಡಾಕ್ಟರು ಒಂದು ವಾರ ಪರದೆ ಎಳೆದುಕೊಂಡು ಮಲಗಲು ಹೇಳಿದರು. ಆ ವಾರ ಅಂಗಡಿಗೆ ಹೋಗಿ ಗಿರಾಕಿಗಳ ಅಂಗಿಗಳಿಗೆ ಗುಂಡಿ ಹಚ್ಚಿದವನು ತಮ್ಮ.