ಹದಿನೇಳನೇ ನಂಬರಿನ ಕ್ರ್ಯಾಕರ್

ಅಮ್ಮನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಐದು ವರ್ಷದ ಹಿಂದೆ ಚಳಿಗಾಲದಲ್ಲಿ ಬಂದ ಜ್ವರ ಅವಳ ಮೂಗಿನೊಳಗೆ ಏನನ್ನೋ ಸುಟ್ಟುಹಾಕಿ ಹೋಗಿತ್ತು. ಕಾಫಿ, ಸೀಮೆಎಣ್ಣೆ, ಕಪಾಟಿನ ಹಿಂದೆ ಸತ್ತ ಇಲಿ, ಎಲ್ಲ ಅವಳಿಗೆ ಒಂದೇ. ನಾಲಗೆಗೆ ಉಪ್ಪು, ಸಿಹಿ, ಹುಳಿ ಗೊತ್ತಾಗುತ್ತಿದ್ದವು, ಅದರಾಚೆಗೆ ಏನೂ ಇಲ್ಲ. ಇದು ತಿಳಿದಿದ್ದದ್ದು ನನಗೆ ಮತ್ತು ಡಾಕ್ಟರಿಗೆ. ಊರಿಗೆ ಹೇಳುವಂತಿರಲಿಲ್ಲ. ಅಮ್ಮ ಗೃಹೋದ್ಯೋಗದ ಅಂಗಡಿಗೆ ತಿಂಡಿ ಮಾಡಿಕೊಡುತ್ತಿದ್ದಳು.

ದಕ್ಷಿಣ ಆಫ್ರಿಕದ ಈ ಒಣ ಕರೂ ಸೀಮೆಯಲ್ಲಿ ಚರ್ಚು ಇಲ್ಲದ ಊರು ಸಿಗಬಹುದು, ಗೃಹೋದ್ಯೋಗದ ಅಂಗಡಿ ಇಲ್ಲದ ಊರು ಸಿಗಲಾರದು. ಊರಿನ ಹೆಂಗಸರು ಮನೆಯಲ್ಲಿ ಮಾಡಿದ್ದನ್ನು ಅಲ್ಲಿ ಇಟ್ಟು ಮಾರುತ್ತಾರೆ. ಪೊಟ್ಟಣದ ಮೇಲೆ ಮಾಡಿದವಳ ಹೆಸರಿರುವುದಿಲ್ಲ, ನಂಬರಿರುತ್ತದೆ. ಒಂದು ತಿಂಡಿಗೆ ಒಬ್ಬಳೇ. ಹಾಲಿನ ಟಾರ್ಟು ಇಪ್ಪತ್ತೊಂದರದು ಎಂದಾದರೆ ಆ ಇಪ್ಪತ್ತೊಂದು ಸಾಯುವವರೆಗೆ ಇನ್ನೊಬ್ಬಳು ಹಾಲಿನ ಟಾರ್ಟು ಹಿಡಿದುಕೊಂಡು ಬಾಗಿಲಿಗೆ ಬರುವಂತಿಲ್ಲ. ಬಂದರೆ ಅವಳ ಮಕ್ಕಳ ಮದುವೆಗೂ ಜನ ಹೋಗುವುದಿಲ್ಲ. ಅಮ್ಮ ಹದಿನೇಳು. ಅವಳದು ರಸ್ಕು. ಮಜ್ಜಿಗೆ ಹಾಕಿ ಕಲಸಿ, ಸುಟ್ಟು, ಮುರಿದು, ಮತ್ತೆ ರಾತ್ರಿಯಿಡೀ ಒಣಗಿಸಿದ ದಪ್ಪ ರಸ್ಕು. ಅಪ್ಪ ಹೋದ ಮೇಲೆ ಅಮ್ಮನಿಗೆ ಊರಲ್ಲಿ ಉಳಿದ ಜಾಗ ಈ ನಂಬರು. ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ ಜನ, "ಓ, ಹದಿನೇಳು, ಆರಾಮಾ?" ಎಂದೇ ಕೇಳುತ್ತಿದ್ದರು. ಅಮ್ಮ ನಗುತ್ತಿದ್ದಳು.

ಆಮೇಲೆ ಊರು ಧಾನ್ಯ ಬಿಟ್ಟಿತು.

ಯಾರು ಶುರು ಮಾಡಿದರೋ ಗೊತ್ತಿಲ್ಲ. ಒಂದೇ ಬೇಸಿಗೆಯಲ್ಲಿ ಎಲ್ಲರೂ ಮೈ ಇಳಿಸಲೆಂದು ಗೋಧಿ, ಜೋಳ, ಅಕ್ಕಿ, ಸಕ್ಕರೆ ಬಿಟ್ಟು ಮಾಂಸ, ಬೆಣ್ಣೆ, ಚೀಸು, ಹೂಕೋಸಿನ ಮೇಲೆ ಬಿದ್ದರು. ಕುರಿ ಮಾಂಸದ ಕೊಬ್ಬನ್ನು ಮೊದಲು ತಟ್ಟೆಯ ಅಂಚಿಗೆ ತಳ್ಳುತ್ತಿದ್ದ ಹೆಂಗಸರು ಈಗ ಅದನ್ನೇ ಮೊದಲು ಬಾಯಿಗಿಟ್ಟು, ಬೆರಳು ಚೀಪಿ, ಕತ್ತಿನವರೆಗೆ ಎಣ್ಣೆ ಮಾಡಿಕೊಳ್ಳುತ್ತಿದ್ದರು. ಈ ಪಥ್ಯ ಹಿಡಿದವರ ಬಾಯಿ ನಾರುತ್ತದೆ. ಕೊಳೆತ ಸೇಬಿಗೆ ಉಗುರುಬಣ್ಣ ಅಳಿಸುವ ನೀರು ಸುರಿದಂಥ ನಾತ. ಭಾನುವಾರ ಚರ್ಚಿನಲ್ಲಿ ಕೀರ್ತನೆಗೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದಾಗ ನಾನು ಕರವಸ್ತ್ರ ಹುಡುಕುತ್ತಿದ್ದೆ. ಅವರಿಗೆ ನಾಚಿಕೆ ಇರಲಿಲ್ಲ. ನಾತ ಬಂತೆಂದರೆ ಕೊಬ್ಬು ಕರಗುತ್ತಿದೆ ಎಂದು ಅವರ ಲೆಕ್ಕ. ಒಬ್ಬರ ಮುಖಕ್ಕೆ ಒಬ್ಬರು ಊದಿ ನೋಡಿಕೊಳ್ಳುತ್ತಿದ್ದರು.

ರಸ್ಕು ಯಾರಿಗೂ ಬೇಡವಾಯಿತು. ಒಂದು ಋತು ಪೂರ್ತಿ ಮಾರಾಟವಾಗದಿದ್ದರೆ ನಂಬರು ಹೋಗುತ್ತದೆ, ಅದು ಅಂಗಡಿಯ ನಿಯಮ. ಅಮ್ಮ ಎರಡು ವಾರ ಸುಮ್ಮನಿದ್ದಳು. ಮೂರನೇ ವಾರ ಬೀಜದ ಕ್ರ್ಯಾಕರ್, ಅಂದರೆ ತೆಳ್ಳಗಿನ ಗರಿಗರಿ ಉಪ್ಪು ಬಿಸ್ಕತ್ತು, ಮಾಡುವುದನ್ನು ಕಲಿತಳು. ಅಗಸೆ ಹಿಟ್ಟು, ಸೂರ್ಯಕಾಂತಿ ಬೀಜ, ಕುಂಬಳ ಬೀಜ, ಎಳ್ಳು, ಇಸಬಗೋಲು, ಮೊಟ್ಟೆ, ಉಪ್ಪು. ಧಾನ್ಯದ ಒಂದು ಕಾಳೂ ಇಲ್ಲ. ಸಣ್ಣ ಉರಿಯಲ್ಲಿ ಸುಟ್ಟು, ಚೌಕ ಗೀರಿ, ಮಗುಚಿ, ಮತ್ತೆ ಸುಡಬೇಕು. ಮೊದಲಿನವು ಚೆನ್ನಾಗಿಯೇ ಇದ್ದವು. ಪ್ರತಿ ಮಂಗಳವಾರ ರುಚಿ ನೋಡುವ ಅಂಗಡಿಯ ಸಮಿತಿ ಒಪ್ಪಿತು. ಹದಿನೇಳಕ್ಕೆ ಕ್ರ್ಯಾಕರ್ ಸಿಕ್ಕಿತು, ಅಮ್ಮ ನಿರಾಳವಾಗಿ ಉಸಿರಾಡಿದಳು.

ಆ ಧೈರ್ಯದಲ್ಲೇ ಅವಳು ರೈತರ ಸಹಕಾರಿ ಅಂಗಡಿಯಿಂದ ಒಂದು ಮೂಟೆ ಅಗಸೆ ತಂದಳು. ಪಕ್ಕದ ತೋಟದವರ ಗಿರಣಿ ಒಂದು ದಿನಕ್ಕೆ ಸಿಕ್ಕಿತೆಂದು ಅಷ್ಟನ್ನೂ ಒಮ್ಮೆಗೇ ಹಿಟ್ಟು ಮಾಡಿಸಿ, ತಗಡಿನ ಮಾಡಿನ ಕಾರ್ ಶೆಡ್ಡಿನಲ್ಲಿ ಇಟ್ಟಳು. ಜನವರಿಯ ಕರೂ, ನಮ್ಮಲ್ಲಿ ಅದು ನಡುಬೇಸಿಗೆ. ಆ ಶೆಡ್ಡಿನೊಳಗೆ ಮೇಣದ ಬತ್ತಿ ಬಾಗಿ ಮಲಗುತ್ತದೆ. ಅಗಸೆಯನ್ನು ಬೀಜವಾಗಿಟ್ಟರೆ ಬಾಳುತ್ತದೆ, ಹಿಟ್ಟು ಮಾಡಿದರೆ ಅದರ ಎಣ್ಣೆ ಬಹಳ ದಿನ ತಡೆಯುವುದಿಲ್ಲ.

ನಾನು ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಒಂದು ಮಧ್ಯಾಹ್ನ ಮನೆಗೆ ಬಂದು ಅಡುಗೆಮನೆಯ ಬಾಗಿಲು ತೆಗೆದೆ. ಬಡಗಿಗಳು ಕಿಟಕಿಯ ಗಾಜಿಗೆ ಮೆತ್ತುವ ಲಪ್ಪದ ವಾಸನೆ, ಅದರ ಜೊತೆ ಹಳೇ ಮೀನಿನ ಡಬ್ಬಿಯದು. ಕಮಟು ಎಂದರೆ ಸಾಲದು. ಅದು ಗಂಟಲಿಗೆ ಅಂಟುತ್ತಿತ್ತು. ಅಮ್ಮ ಎರಡು ಬೆಣ್ಣೆ ಕಾಗದಗಳ ನಡುವೆ ಹಿಟ್ಟು ಲಟ್ಟಿಸುತ್ತಿದ್ದಳು. ಇಸಬಗೋಲಿನ ಲೋಳೆ ಕಾಗದದ ಅಂಚಿನಿಂದ ನೆಗಡಿಯ ಮಗುವಿನ ಸಿಂಬಳದ ಹಾಗೆ ಜಿನುಗುತ್ತಿತ್ತು. ಅವಳು ಅದನ್ನು ಬೆರಳಿನಿಂದ ಬಳಿದು ಮತ್ತೆ ಒಳಗೆ ಸೇರಿಸಿದಳು.

"ಅಮ್ಮಾ, ಇದು ನಾರ್ತಿದೆ."

"ಯಾವ್ದು?"

"ಹಿಟ್ಟು. ಕೆಟ್ಟಿದೆ. ಎಸಿ ಇದನ್ನ."

"ಬೀಜ ಅಂದ್ರೆ ಹಾಗೇ ಇರುತ್ತೆ, ಇಲ್ಸೆ. ನೀನು ಬ್ರೆಡ್ಡು ತಿಂದು ಬೆಳೆದವಳು."

"ನಿನಗೆ ವಾಸನೆ ಬರಲ್ಲ ಅಂತ ನನಗೆ ಗೊತ್ತು. ನನಗೆ ಬರುತ್ತೆ ಅಂತ ನಿನಗೂ ಗೊತ್ತು."

ಅಮ್ಮ ಲಟ್ಟಣಿಗೆ ನಿಲ್ಲಿಸಿದಳು. "ಮೊನ್ನೆ ಮಂಗಳವಾರ ಇದೇ ಹಿಟ್ಟಿಂದು ಕೊಟ್ಟೆ. ಡಾಲೀನ್ ಎರಡು ತಿಂದಳು. ಮೂವತ್ತು ವರ್ಷದಿಂದ ರುಚಿ ನೋಡ್ತಿರೋ ಹೆಂಗಸು ಅವಳು. ಅವಳ ಮಾತು ಕೇಳ್ಲಾ, ನಿನ್ನ ಮಾತು ಕೇಳ್ಲಾ?"

ನಾನು ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಮೊದಲು ಉಪ್ಪು. ಆಮೇಲೆ ಬಣ್ಣದ ಡಬ್ಬಿಯ ಮುಚ್ಚಳ ನೆಕ್ಕಿದ ಹಾಗಾಯಿತು. ಸಿಂಕಿಗೆ ಉಗಿದೆ. ಹಲ್ಲುಜ್ಜಿದರೂ ಸಂಜೆಯವರೆಗೆ ನಾಲಗೆಯ ಮೇಲೆ ಒಂದು ಪದರ ಉಳಿದಿತ್ತು.

ಶನಿವಾರ ಅಂಗಡಿಗೆ ಹೋದೆ, ಪೊಟ್ಟಣಗಳನ್ನು ವಾಪಸು ತರೋಣ ಎಂದು. ತರಲು ಒಂದೂ ಉಳಿದಿರಲಿಲ್ಲ. ಸಮಿತಿಯ ಹಿರಿಯಳು ಟಾನಿ ಡಾಲೀನ್, ಅಂದರೆ ಊರಿಗೆಲ್ಲ ಡಾಲೀನ್ ಅತ್ತೆ, ಗಲ್ಲಾದ ಹಿಂದೆ ಕೂತು ಕೊನೆಯ ಪೊಟ್ಟಣವನ್ನು ಸ್ವಂತಕ್ಕೆ ಬಿಚ್ಚಿಕೊಂಡಿದ್ದಳು. ಮೇಲ್ತುಟಿಯ ಮೀಸೆಗೂದಲಿಗೆ ಎಳ್ಳು ಅಂಟಿತ್ತು. ಮಾಂಸದಂಗಡಿಯ ಊಮ್ ಫಾನಸ್, ಅಂದರೆ ಫಾನಸ್ ಮಾಮ, ಗಲ್ಲಾಕ್ಕೆ ಒರಗಿ ನಿಂತಿದ್ದ.

"ಇಲ್ಸೆ, ನಿಮ್ಮಮ್ಮ ಇದಕ್ಕೇನು ಹಾಕ್ತಾಳೆ ಮಾರಾಯ್ತಿ?" ಎಂದ ಅವನು. "ಮೊದಲಿನದಕ್ಕಿಂತ ಜೋರಾಗಿದೆ. ತಿಂದ ಕೂಡ್ಲೇ ಒಳಗೆ ಕೆಲಸ ಮಾಡೋದು ಗೊತ್ತಾಗುತ್ತೆ."

"ಏನು ಕೆಲಸ, ಊಮ್?"

"ನಿನ್ನೆಯಿಂದ ಮೂರು ಸಲ ಹೋದೆ. ಪೂರ್ತಿ ಶುದ್ಧಿ."

"ಟಾನಿ ಡಾಲೀನ್, ನಿಮಗೆ ಇದು ಕಮಟು ಅನ್ನಿಸಲ್ವಾ?"

ಅವಳು ಅಗಿಯುವುದನ್ನು ನಿಲ್ಲಿಸದೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಒಳ್ಳೇದರ ರುಚಿ ಇದು ಮಗಾ. ಸಕ್ಕರೆ ತಿನ್ನೋರಿಗೆ ಗೊತ್ತಾಗಲ್ಲ. ಒಂದು ತಿಂಗಳು ಬಿಟ್ಟು ನೋಡು, ನಿನ್ನ ನಾಲಗೇನೂ ಸರಿ ಹೋಗುತ್ತೆ. ಈ ಸೊಂಟಾನೂ."

ಊಮ್ ಫಾನಸ್ ನಕ್ಕ. ಅವನ ಬಾಯಿಯ ಗಾಳಿ ನೇರವಾಗಿ ನನ್ನವರೆಗೆ ಬಂತು. ನಾನು ಹೊರಗೆ ಬಂದು ಚರ್ಚಿನ ಗೋಡೆಯ ಪಕ್ಕ ನಿಂತು ಒಂದಿಷ್ಟು ಹೊತ್ತು ಬರೀ ಧೂಳು ಉಸಿರಾಡಿದೆ. ಧೂಳು ಎಷ್ಟೋ ವಾಸಿ.

ಅಮ್ಮನ ಜೊತೆ ವಾದ ಮಾಡಿ ಪ್ರಯೋಜನವಿರಲಿಲ್ಲ. ಅವಳಿಗೆ ನಂಬರು ಉಳಿಯಬೇಕಿತ್ತು. ಆದರೆ ಕೆಟ್ಟದ್ದನ್ನು ಮಾರುವವಳೂ ಅಲ್ಲ. ಸಾಕ್ಷಿ ಬೇಕಿತ್ತು, ಮನುಷ್ಯರ ಸಾಕ್ಷಿ ಎಲ್ಲ ಆ ಕಡೆಗಿತ್ತು. ಭಾನುವಾರ ಮಧ್ಯಾಹ್ನ ನಾನು ಒಂದು ಬೋಗುಣಿ ಹಿಟ್ಟನ್ನು ಶೆಡ್ಡಿನಿಂದ ತಂದು, ಅಮ್ಮನನ್ನು ಕರೆದು, ಕೋಳಿಗಳ ಮುಂದೆ ಸುರಿದೆ.

ನಮ್ಮ ಕೋಳಿಗಳಿಗೆ ಮಡಿಮೈಲಿಗೆ ಇಲ್ಲ. ಸತ್ತ ಹಲ್ಲಿ, ತಮ್ಮದೇ ಮೊಟ್ಟೆಯ ಚಿಪ್ಪು, ನಾಯಿ ಕಕ್ಕಿದ್ದು, ಎಲ್ಲ ತಿಂದುಕೊಂಡು ಇರುವಂಥವು. ಓಡಿ ಬಂದವು. ಮುಂದಿನದು ಒಂದು ಸಲ ಕುಕ್ಕಿ, ಕೊಕ್ಕನ್ನು ನೆಲಕ್ಕೆ ಉಜ್ಜಿತು. ಉಳಿದವು ಸುತ್ತ ನಿಂತು ಕತ್ತು ಓರೆ ಮಾಡಿ ನೋಡಿದವು. ಕೊನೆಗೆ ಹುಂಜ ಬೆನ್ನು ತಿರುಗಿಸಿ ಹಿಟ್ಟಿನ ಮೇಲೆ ಮಣ್ಣು ಕೆರೆದು ಹೋಯಿತು.

ಅಮ್ಮ ಮೇಲುಡುಪಿನ ಚುಂಗಿನಿಂದ ಕೈ ಒರೆಸಿಕೊಂಡಳು, ಕೈಯಲ್ಲಿ ಏನೂ ಇರಲಿಲ್ಲ.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಹೊಸ ಮೂಟೆ ಶುರುವಾದಾಗಿಂದ."

"ಜನ ತಿಂದಿದ್ದಾರೆ."

"ಖುಷಿಯಾಗೇ ತಿಂದಿದ್ದಾರೆ."

"ಅದು ಬೇರೆ ಮಾತು," ಎಂದಳು ಅಮ್ಮ. "ಗುದ್ದಲಿ ತಾ."

ಮೂಟೆಯನ್ನು ಹಿತ್ತಲಲ್ಲಿ ಹೂತೆವು. ಗುಂಡಿಗೆ ಸುರಿದಷ್ಟೂ ನಾತ ಮೇಲೆ ಬರುತ್ತಿತ್ತು, ನಾನು ಎರಡು ಸಲ ದೂರ ಹೋಗಿ ನಿಂತೆ. ಅಮ್ಮನಿಗೆ ಏನೂ ಆಗಲಿಲ್ಲ. ಅವಳು ಕೊನೆಯವರೆಗೆ ಮಣ್ಣು ಎಳೆದಳು. ಸೋಮವಾರ ನಾನು ಹೊಸ ಬೀಜ ತಂದೆ. ಅಮ್ಮ ಅವತ್ತಿಗೆ ಬೇಕಾದಷ್ಟನ್ನೇ ಪುಡಿ ಮಾಡಿದಳು, ಪ್ರತಿ ಹಿಡಿಯನ್ನೂ ನನ್ನ ಮೂಗಿನ ಕೆಳಗೆ ಹಿಡಿದು, "ನೋಡು," ಎಂದಳು. ಈ ಸಲದ ಕ್ರ್ಯಾಕರ್ ಹುರಿದ ಎಳ್ಳಿನ ಹಾಗೆ ಘಮಘಮಿಸಿತು. ಗರಿಗರಿಯಾಗಿ ಮುರಿಯಿತು. ಬೆಣ್ಣೆ ಹಚ್ಚಿಕೊಂಡು ನಾನು ಐದು ತಿಂದೆ.

ಮಂಗಳವಾರ ಅಂಗಡಿಯ ಹಿಂದಿನ ಕೋಣೆಗೆ ಅಮ್ಮನ ಜೊತೆ ನಾನೂ ಹೋದೆ, ಟ್ರೇ ಹೊತ್ತುಕೊಂಡು. ಮೇಜಿನ ಆಚೆ ಸಮಿತಿಯ ಮೂವರು. ನಡುವೆ ಡಾಲೀನ್, ಬಲಕ್ಕೆ ಹಾಲಿನ ಟಾರ್ಟಿನ ಪೊಪ್ಪಿ, ಎಡಕ್ಕೆ ಪಾದ್ರಿಯ ಹೆಂಡತಿ. ಅವಳು ಯಾವತ್ತೂ ಮಾತಾಡುವುದಿಲ್ಲ, ತಿನ್ನುತ್ತಾಳೆ. ಮೂವರ ಮುಂದೂ ಒಂದೊಂದು ಲೋಟ ನೀರು.

ಡಾಲೀನ್ ಒಂದು ಚೂರು ಅಗಿದಳು. ಇನ್ನೊಂದು ಅಗಿದಳು. ಪೊಪ್ಪಿಯ ಮುಖ ನೋಡಿದಳು.

"ಏನಾಯ್ತು ಹೆಸ್ಟರ್?" ಎಂದಳು ಅಮ್ಮನಿಗೆ. "ಇದು ಸಪ್ಪೆ. ಆ ಗತ್ತೇ ಇಲ್ಲ."

"ಬೀಜ ಕಡಿಮೆ ಮಾಡಿದ್ಯಾ? ಮೋಸ ಮಾಡ್ಬೇಡ ಕಣೇ," ಎಂದಳು ಪೊಪ್ಪಿ.

"ಬೀಜ ಅಷ್ಟೇ ಇದೆ," ಎಂದಳು ಅಮ್ಮ. "ಮುಂಚಿನದು ಕೆಟ್ಟಿತ್ತು. ಹಿಟ್ಟು ಕಮಟಾಗಿತ್ತು. ನನಗೆ ತಿಳೀಲಿಲ್ಲ. ಅದನ್ನ ಹೇಳೋಕೇ ಬಂದೆ. ತಗೊಂಡೋರಿಗೆಲ್ಲ ಹೊಸದು ಮಾಡಿ ಕೊಡ್ತೀನಿ."

ಪಾದ್ರಿಯ ಹೆಂಡತಿ ಅಗಿಯುವುದನ್ನು ನಿಲ್ಲಿಸಿದಳು.

"ಕೆಟ್ಟಿತ್ತಾ," ಎಂದಳು ಡಾಲೀನ್. "ನಾವು ಮೂವರೂ ತಿಂದು ಪಾಸು ಮಾಡಿದ್ದೀವಿ."

"ಹೌದು. ಮಾಡಿದ್ರಿ."

"ಅಂದ್ರೆ ನಮಗೆ ನಾಲಗೆ ಇಲ್ಲ ಅಂತೀಯಾ?"

ಅಮ್ಮ ಅಲ್ಲಿಗೇ ಸುಮ್ಮನಾಗಿದ್ದರೆ, ಏನೋ ತಪ್ಪಾಯಿತು, ಮುಂದಿನ ವಾರ ಸರಿ ಮಾಡುತ್ತೇನೆ ಎಂದಿದ್ದರೆ, ಮುಗಿದುಹೋಗುತ್ತಿತ್ತು. ಅವಳಿಗೆ ಸುಳ್ಳು ಹೇಳುವ ರೂಢಿ ಇರಲಿಲ್ಲ, ಬಚ್ಚಿಡುವ ರೂಢಿ ಮಾತ್ರ ಇತ್ತು. ಅವತ್ತು ಅದೂ ಸಾಕಾಗಿತ್ತೇನೋ.

"ನನಗೇ ಮೂಗಿಲ್ಲ ಡಾಲೀನ್. ಐದು ವರ್ಷ ಆಯ್ತು. ನಿಮ್ಮ ನಾಲಗೆ ವಿಷಯ ನನಗೇನು ಗೊತ್ತು."

ಪೊಪ್ಪಿ ಲೋಟ ಎತ್ತಿ ಬಾಯಿ ಮುಕ್ಕಳಿಸಿದಳು. ಉಗಿಯಲು ಜಾಗವಿಲ್ಲದೆ ಅದೇ ಲೋಟಕ್ಕೆ ಉಗಿದಳು. ಕಪ್ಪು ಚೂರುಗಳು ನೀರಿನಲ್ಲಿ ತೇಲಿದವು. ಪಾದ್ರಿಯ ಹೆಂಡತಿ ಬಾಯಲ್ಲಿದ್ದದ್ದನ್ನು ಕರವಸ್ತ್ರಕ್ಕೆ ತೆಗೆದು ಮಡಚಿದಳು. ಅವರು ಉಗಿದದ್ದು ಆ ಮೂಟೆ ಬಂದ ಮೇಲೆ ಅವರ ಬಾಯಿಗೆ ಬಿದ್ದ ಮೊದಲ ಒಳ್ಳೆಯ ಕ್ರ್ಯಾಕರನ್ನು. ವಾರಗಟ್ಟಲೆ ಕೊಳೆತದ್ದನ್ನು ನುಂಗಿದವರಿಗೆ ಈಗ, ಅಮ್ಮನ ಮುಖ ನೋಡಿ, ಹೇಸಿಗೆಯಾಗಿತ್ತು.

"ಮೂಗಿಲ್ಲದೆ ಐದು ವರ್ಷ ನಮಗೆ ಮಾಡಿ ಹಾಕಿದ್ದೀಯ," ಎಂದಳು ಡಾಲೀನ್. "ಏನೇನು ತಿನ್ನಿಸಿದ್ಯೋ ದೇವರೇ ಬಲ್ಲ."

"ಟಾನಿ, ಐದು ವರ್ಷ ಏನೂ ಆಗಿಲ್ಲ. ಈ ಒಂದು ಮೂಟೆ ಮಾತ್ರ," ಎಂದೆ ನಾನು.

"ನೀನು ಸುಮ್ನಿರು. ಗೊತ್ತಿದ್ದೂ ಬಚ್ಚಿಟ್ಟವಳು ನೀನು." ಅವಳು ಟ್ರೇಯನ್ನು ಒಂದು ಬೆರಳಿನಿಂದ ನಮ್ಮ ಕಡೆ ತಳ್ಳಿದಳು. "ಹೆಸ್ಟರ್, ಮನೆಗೆ ಹೋಗು. ಬೇಜಾರು ಮಾಡ್ಕೋಬೇಡ. ಅಂಗಡಿಗೆ ಒಂದು ಹೆಸರಿದೆ."

ಅಮ್ಮ ಟ್ರೇ ಎತ್ತಿಕೊಂಡಳು. ಬಾಗಿಲಲ್ಲಿ ಪೊಪ್ಪಿ ಅವಳಿಗೆ ದಾರಿ ಬಿಡುವಾಗ ಮೂಗಿಗೆ ಕೈ ಅಡ್ಡ ಹಿಡಿದಳು. ಅಮ್ಮ ಅವತ್ತು ಬೆಳಿಗ್ಗೆ ಸ್ನಾನ ಮಾಡಿ, ಚರ್ಚಿಗೆ ಹಾಕುವ ನೀಲಿ ಬಟ್ಟೆ ಹಾಕಿಕೊಂಡಿದ್ದಳು.

ಅಮ್ಮನ ನಂಬರು ಕಿತ್ತು, ಕ್ರ್ಯಾಕರ್ ಮಾಡುವ ಹಕ್ಕನ್ನು ಡಾಲೀನಳ ಸೊಸೆ ಅನೀಕಾಗೆ ಕೊಟ್ಟರು. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಫೋನು ಬಂತು, ನಾನೇ ತೆಗೆದೆ.

"ಇಲ್ಸೆ, ಅಮ್ಮನ್ನ ಕರೀಬೇಡ ಬಿಡು, ನೀನೇ ಹೇಳು," ಎಂದಳು ಡಾಲೀನ್. "ಅನೀಕಾಗೆ ಆ ರುಚಿ ಬರ್ತಾ ಇಲ್ಲ. ಫಾನಸ್ ದಿನಾ ಬಂದು ಕೇಳ್ತಾನೆ. ಆ ಹಳೇ ಹಿಟ್ಟು ಒಂದಿಷ್ಟು ಉಳಿದಿದೆಯಾ?"

"ಹೂತಿದ್ದೀವಿ, ಟಾನಿ."

"ಅಷ್ಟೂ?"

"ಅಷ್ಟೂ."

ಅವಳು ನಿಟ್ಟುಸಿರು ಬಿಟ್ಟಳು. ಫೋನಿನಲ್ಲಿ ವಾಸನೆ ಬರುವುದಿಲ್ಲ, ಆದರೂ ನಾನು ಅದನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. "ಎಂಥ ದಂಡ ಮಾಡಿದ್ರಿ. ಹೋಗ್ಲಿ, ಎಲ್ಲಿಂದ ತಂದಿದ್ದು ಅದು?"

"ಸಹಕಾರಿ ಅಂಗಡಿಯಿಂದ. ಹಿಟ್ಟು ಮಾಡಿ ಬಿಸಿಲಲ್ಲಿಡಿ. ನಿಮಗೆ ಬೇಕಾದ ರುಚಿ ಬರುತ್ತೆ."

"ದೇವರು ಒಳ್ಳೇದು ಮಾಡ್ಲಿ ಮಗಾ," ಎಂದಳು ಅವಳು. ನಿಜವಾಗಿಯೇ ಹೇಳಿದಳು.

ಅಮ್ಮ ನಡುಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದಳು.

ಅವಳು ಕಳೆದುಕೊಂಡದ್ದು ಇಷ್ಟು: ಒಂದು ನಂಬರು, ಅಂಗಡಿಯ ಕಪಾಟಿನಲ್ಲಿ ಎರಡು ಹಲಗೆ, ಒಂದು ಮೂಟೆ ಹಿಟ್ಟು, ದಾರಿಯಲ್ಲಿ ನಿಂತು ಮಾತಾಡಿಸುತ್ತಿದ್ದ ಮೂವರು ಹೆಂಗಸರು.