ಹ್ಯಾಂಡಲ್ ಕನ್ನಡಿಯಲ್ಲಿ ಹಳದಿ

ಕುಸುಬೆಯ ಹೊಲವೇ ಇರಬೇಕು ಅದು, ಸೈಕಲ್ ಹ್ಯಾಂಡಲಿನ ತುದಿಯ ದುಂಡು ಕನ್ನಡಿಯಲ್ಲಿ ಮತ್ತೆ ಅದೇ ಹಳದಿ ಚುಕ್ಕೆ, ಬಿಳಿಜೋಳದ ನಡುವೆ ಹೂ ಬಿಟ್ಟ ಕುಸುಬೆಯ ಸಾಲುಗಳು ಈ ಸೀಮೆಯಲ್ಲಿ ಎಲ್ಲಿ ಇಲ್ಲ — ಆದರೆ ಹೊಲವೊಂದು ಅಫಜಲಪುರದಿಂದ ಬೆನ್ನು ಹಿಡಿದು ಬರುವುದುಂಟೆ, ಗುರಣ್ಣ ಮಾಸ್ತರರು ಕನ್ನಡಿಯಿಂದ ಕಣ್ಣು ಕಿತ್ತು ಮುಂದಿನ ಗಾಲಿಯ ಮೇಲಿಟ್ಟರು, ನೋಡದಿದ್ದರೆ ಇಲ್ಲ, ಅಷ್ಟೇ. ಭೀಮೆಯ ಸೇತುವೆ ಹಿಂದೆ ಉಳಿಯಿತು, ಕೆಳಗೆ ಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುತ್ತಿತ್ತು, ಇಲ್ಲಿ ಇಳಿದು ನದಿಯ ಕುರಿತು ನಾಲ್ಕು ಮಾತು ಹೇಳಬೇಕೆಂದು ಆಳಂದ ಬಿಡುವಾಗಲೇ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದರು, ಹೇಳದೆಯೇ ದಾಟಿದರು. ಮುಂದೆ ಅಲ್ತಾಫ, ಅವನ ಮುಂದೆ ಪಲ್ಲವಿ, ಇಬ್ಬರೂ ಅವರ ಶಾಲೆಯಲ್ಲೇ ಕಲಿತು ಈಗ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರು, ಇಬ್ಬರ ಬೆನ್ನ ಮೇಲೂ ನೀಲಿ ಅಕ್ಷರ, ನನ್ನ ಕಾಲೇ ನನ್ನ ಬಲ, ಆ ವಾಕ್ಯ ರಚಿಸಿದವರು ಮಾಸ್ತರರೇ, ಅವರ ಬೆನ್ನ ಮೇಲೂ ಅದೇ ಇದೆ, ಬೆನ್ನು ತನಗೆ ಕಾಣುವುದಿಲ್ಲ, ಹಿಂದೆ ಬರುವವರಿಗೆ ಕಾಣುತ್ತದೆ — ಹಿಂದೆ ಯಾರೂ ಇಲ್ಲ, ಕುಸುಬೆ. ಬಲ ಅಂಗೈ ಉರಿಯುತ್ತಿದೆ, ಗ್ರೀಸಿನ ಕರಿ ಪಟ್ಟೆ, ಸೇತುವೆಯ ಬಳಿ ಮಣ್ಣು ಹಚ್ಚಿ ಉಜ್ಜಿದರು, ಹೋಗಲಿಲ್ಲ.

ನಿಯಮ ಒಂದೇ ಇತ್ತು, ಅದನ್ನೂ ಮಾಡಿದವರು ಇವರೇ: ಆಳಂದದಿಂದ ಜೇವರ್ಗಿಯ ಶಾಲೆಯವರೆಗಿನ ಈ ಸೈಕಲ್ ಯಾತ್ರೆಯಲ್ಲಿ ಬೇರೆ ಯಾವ ವಾಹನದ ನೆರವನ್ನೂ ಪಡೆಯಕೂಡದು. ನಿನ್ನೆ ಮಧ್ಯಾಹ್ನ ಕರಜಗಿಯಲ್ಲಿ ಎಲ್ಲರೂ ಬೇವಿನ ನೆರಳಿನಲ್ಲಿ ನಿಂತು ಕಾಯುತ್ತಿದ್ದಾಗ, ಹಿಂದುಳಿದಿದ್ದ ಯಾತ್ರೆಯ ಇನ್ನೊಬ್ಬ ಹುಡುಗಿ ಫರಹತ ಬಂದದ್ದು ಟೆಂಪೊದಲ್ಲಿ, ಸೈಕಲ್ಲು ಹಿಂದೆ ಅಡ್ಡ ಮಲಗಿತ್ತು, ಇಳಿದವಳೇ ನಗುತ್ತ, ಸರ್, ಚೈನ್ ಕಡೀತ್ರಿ, ರಿಪೇರಿ ಅಂಗಡಿ ತನಕ ಅಷ್ಟ ಕುಂತ ಬಂದೇನ್ರಿ ಅಂದಳು, ನಕ್ಕಳಲ್ಲ, ಆ ನಗುವೇ ಇವರನ್ನು ಕೆರಳಿಸಿತು, ತಪ್ಪು ಮಾಡಿದವರು ನಗಬಾರದೆಂದು ಸೇವೆಯುದ್ದಕ್ಕೂ ಬೋಧಿಸಿದವರು, ನೂಕ್ಕೊಂಡ ಬರಬೇಕಿತ್ತು, ನಿಯಮ ಅಂದ್ರ ನಿಯಮ, ಎಂದರು. ಟೆಂಪೊದಲ್ಲಿ ಜೊತೆಗೆ ಬಂದಿದ್ದ ಅವಳ ಸೋದರತ್ತೆ ಗೌಸಿಯಾಬೇಗಂ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು, ಹುಡುಗಿ ಮಾರಿ ಬಿಸಲಿಗೆ ಕೆಂಪಾಗಿತ್ರಿ ಮಾಸ್ತರ, ನಾನೇ ಹತ್ತು ಅಂದೇನಿ, ಬೈಯೂದಿದ್ರ ನನಗ ಬೈರ್ರಿ. ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಕೈ ಚಾಚಿ ಯಾತ್ರೆಯ ಬಿಳಿ ಟೊಪ್ಪಿಗೆಯನ್ನು ಮರಳಿ ಕೇಳಿದರು, ಊರವರ ಎದುರಿಗೆ, ಮನೆಗೆ ಹೋಗು ಎಂದರು. ಅಲ್ತಾಫ ಟೈರನ್ನು ಒತ್ತಿ ಒತ್ತಿ ನೋಡುತ್ತ ತಲೆ ಎತ್ತಲಿಲ್ಲ. ಅವಳು ಟೊಪ್ಪಿಗೆ ಕೊಟ್ಟಳು, ಬಿಸಿಲು ಸುಡುತ್ತಿತ್ತು, ಹೆಗಲ ಮೇಲಿನ ದುಪಟ್ಟಾ ತೆಗೆದು ತಲೆಗೆ ಬಿಗಿದು ಕಟ್ಟಿಕೊಂಡಳು, ಆಯ್ತ್ರಿ ಸರ್, ನಾ ಹಿಂದ ಬರ್ತೇನಿ, ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಮುನಿಸಿನ ಮಾತು ಎಂದುಕೊಂಡರು, ಮಕ್ಕಳು ಹೀಗೆಯೇ ಆಡುತ್ತಾರೆ, ಬಸ್ಸು ಹತ್ತಿ ಹೋಗಿರುತ್ತಾಳೆ — ದುಪಟ್ಟಾದ ಬಣ್ಣ ಯಾವುದಿತ್ತು, ನೆನಪಿಲ್ಲ, ನೆನಪಿಲ್ಲ ಎಂದು ಇವತ್ತು ಎಷ್ಟು ಸಲ ಹೇಳಿಕೊಂಡರು.

ಮತ್ತು ಇವತ್ತು, ಅಫಜಲಪುರ ಬಿಟ್ಟ ಮೇಲಿನ ಏರು, ಮುಂದಿನಿಬ್ಬರೂ ತಿರುವಿನಲ್ಲಿ ಮರೆಯಾಗಿದ್ದರು, ಎದುರುಗಾಳಿ ಎದೆಗೆ ಕೈಯಿಟ್ಟು ನೂಕುತ್ತಿತ್ತು, ತೊಡೆಯ ಮಾಂಸ ಗಂಟು ಕಟ್ಟಿತ್ತು, ಇಳಿದು ನೂಕಬಹುದಿತ್ತು, ನೂಕುವುದಕ್ಕೆ ಯಾವ ನಿಯಮದ ಅಡ್ಡಿಯೂ ಇರಲಿಲ್ಲ, ಆದರೆ ನೂಕಿದರೆ ತಡ, ತಡವಾದರೆ ಮುದುಕ ಎಂದುಕೊಂಡಾರು, ಆಗ ಕಬ್ಬಿನ ಟ್ರಾಲಿ ಗುಡುಗುಡು ಎನ್ನುತ್ತ ಪಕ್ಕಕ್ಕೆ ಬಂತು, ಹಸಿ ಕಬ್ಬಿನ ಸಿಹಿ ವಾಸನೆ, ಹಿಂಬದಿಯಲ್ಲಿ ಜೋತಾಡುವ ಸರಪಳಿ, ಕೈ ತಾನೇ ಹೋಯಿತು — ಕೈ ತಾನೇ ಹೋಗುವುದಿಲ್ಲ, ಕೈಗೆ ಬುದ್ಧಿಯಿಲ್ಲ, ಬುದ್ಧಿ ಇರುವುದು ಕೈಯ ಒಡೆಯನಿಗೆ ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳಿದವರು ಯಾರು — ಕೈ ಚಾಚುವ ಮೊದಲು ಅವರು ಕನ್ನಡಿ ನೋಡಿದ್ದರು, ಇದಕ್ಕಿಂತ ಬೇರೆ ಪುರಾವೆ ಬೇಕೆ, ತಪ್ಪೆಂದು ತಿಳಿಯದವನು ಹಿಂದೆ ಯಾರಿದ್ದಾರೆಂದು ನೋಡಿಕೊಳ್ಳುವುದಿಲ್ಲ. ಕನ್ನಡಿಯಲ್ಲಿ ದೂರದ ಡಾಂಬರು, ಅದರ ಮೇಲೆ ಹಳದಿ ಚುಕ್ಕೆ, ಕುಸುಬೆ ಎಂದುಕೊಂಡರು, ಡಾಂಬರಿನ ಮೇಲೆ ಕುಸುಬೆ ಬೆಳೆಯುತ್ತದೆಯೆ, ಎಂದುಕೊಂಡು ಸರಪಳಿ ಹಿಡಿದರು, ಆಹಾ, ಕಾಲು ಹಗುರ, ಗಾಳಿಯನ್ನು ಕಬ್ಬಿನ ಗೋಡೆ ತಡೆಯಿತು, ಒಂದು ಗಳಿಗೆ ಸುಖವೇ ಆಯಿತು, ಅದನ್ನೂ ಒಪ್ಪಿಕೊಳ್ಳಬೇಕು, ಹೇರಿನ ಮೇಲೆ ಕುಳಿತಿದ್ದ ಕೂಲಿಯಾಳು ಬಗ್ಗಿ ನೋಡಿ ನಕ್ಕ, ಏ ಮುತ್ಯಾ, ಗಟ್ಟಿ ಹಿಡಕೋ, ಮುಂದ ಉಬ್ಬ ಐತಿ, ಎಂದು ಕೂಗಿ ಸಿಪ್ಪೆ ಉಗುಳಿದ, ಇವರು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ಏರಿನ ತುದಿಯಲ್ಲಿ ಬಿಟ್ಟಾಗ ಅಂಗೈ ಕರಿ, ಕನ್ನಡಿಯಲ್ಲಿ ಚುಕ್ಕೆ ಅಲ್ಲಿಯೇ, ಏರಿನ ನಡುವೆ, ಮೆಲ್ಲಗೆ, ಎಡಕ್ಕೆ ಬಲಕ್ಕೆ ವಾಲುತ್ತ, ಪೆಡಲ್ ತುಳಿಯುವವರ ಮೈ ವಾಲುವ ಹಾಗೆ. ಚಹಾದಂಗಡಿಯ ಮುಂದೆ ಅಲ್ತಾಫ ಎದ್ದು ನಿಂತಿದ್ದ, ಕಮಾಲ್ ಮಾಡಿದ್ರಿ ಬಿಡ್ರಿ ಸರ್, ಆ ಏರಿನ್ಯಾಗ ನಮ್ಮ ಜೀವಾನೇ ಹೋಗಿತ್ತು, ನೀವು ಬೆವರು ಸುದ್ದಾ ಇಲ್ದ ಬಂದೀರಿ. ಆಗ ಹೇಳಬಹುದಿತ್ತು, ಒಂದು ವಾಕ್ಯ, ಕರ್ತೃ ಕರ್ಮ ಕ್ರಿಯಾಪದ, ನಾನು ಸರಪಳಿ ಹಿಡಿದೆ, ಬದಲಿಗೆ ಮುಷ್ಟಿ ಮಡಚಿ, ಅಭ್ಯಾಸ ತಮ್ಮಾ, ಅಭ್ಯಾಸ, ಎಂದರು, ಎಷ್ಟು ಸರಾಗವಾಗಿ ಬಂತು ಆ ಮಾತು. ಪಲ್ಲವಿ ಕೂಡಲೇ ಜೇವರ್ಗಿಯ ಶಾಲೆಗೆ ಫೋನು ಮಾಡಿ ಸುದ್ದಿ ಹೇಳಿದಳು, ನಮ್ಮ ಸರ್ ನಮಗೂ ಸಿಗವಲ್ಲರ್ರಿ. ಇವರು ಚಹಾ ಕುಡಿದರು. ಎದ್ದು ಹೊರಡುವಾಗ ಕನ್ನಡಿಯನ್ನು ನೆಲದ ಕಡೆಗೆ ತಿರುಗಿಸಿದರು, ಉಬ್ಬು ತಗ್ಗುಗಳ ಮೇಲೆ ಕುಲುಕಿ ಕುಲುಕಿ ಅದು ಮತ್ತೆ ಮೇಲಕ್ಕೆ ಹೊರಳಿತು.

ಸೇತುವೆಯಿಂದ ಈಚೆಗೆ ಚುಕ್ಕೆ ಹಿಂದುಳಿಯಿತು, ಸಣ್ಣದಾಗಿ, ಇಲ್ಲವೇ ಆಗಿ, ಇಲ್ಲವಾದದ್ದಕ್ಕೆ ಅವರ ಎದೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು, ಒಂದು ಹುಡುಗಿ ದಾರಿಯಲ್ಲಿ ಸೋಲಲಿ ಎಂದು ಬಯಸುವ ಮಾಸ್ತರ ನೀನು. ಈಗ ಶಾಮಿಯಾನ, ಶಾಲೆಯ ಅಂಗಳ, ಅತಿಥಿಗಳು ಬರುವುದು ತಡವಾಗಿ ಬಹಳ ಹೊತ್ತು ಕುಳಿತದ್ದಾಯಿತು, ಬಿಸಿಲು ಇಳಿಯಿತು, ಹೆದ್ದಾರಿಯ ಲಾರಿಗಳ ಸದ್ದು, ಕೊರಳಲ್ಲಿ ಚೆಂಡುಹೂವಿನ ಹಾರ, ಅದೂ ಹಳದಿ, ಮುಖ್ಯೋಪಾಧ್ಯಾಯಿನಿ ಮೈಕಿನಲ್ಲಿ ಹೇಳುತ್ತಿದ್ದಾರೆ, ಒಂದು ಮಾರು ದೂರವೂ ಯಾರ ನೆರವಿಲ್ಲದೆ ಬಂದ ಹಿರಿಯರು, ಚಪ್ಪಾಳೆ, ಒಬ್ಬ ಹುಡುಗಿಯ ತಲೆಯ ಮೇಲಿನಿಂದ ಕಿತ್ತ ಟೊಪ್ಪಿಗೆ ಚೀಲದ ತಳದಲ್ಲಿ ಮಡಚಿ ಬಿದ್ದಿದೆ, ಚಪ್ಪಾಳೆ, ಈಗ ಗುರುಗಳು ಪ್ರತಿಜ್ಞೆ ಬೋಧಿಸುತ್ತಾರೆ. ಎದ್ದರು. ಬಲಗೈ ಮುಂದೆ ಚಾಚಿದರು, ಪ್ರತಿಜ್ಞೆಯಲ್ಲಿ ಅಂಗೈ ನೆಲ ನೋಡುತ್ತದೆ, ದೇವರ ದಯೆ, ಸಾಲು ಸಾಲು ಕೈಗಳು ಅವರತ್ತ ಚಾಚಿಕೊಂಡವು. ನನ್ನ ದಾರಿಯನ್ನು ನಾನೇ ತುಳಿಯುವೆನು, ಎಂದರು, ಅಂಗಳವೆಲ್ಲ ಹೇಳಿತು, ನನ್ನ ದಾರಿಯನ್ನು ನಾನೇ ತುಳಿಯುವೆನು. ಯಾರೂ ನೋಡದಿರುವಾಗಲೂ — ಎಂದರು, ಯಾರೂ ನೋಡದಿರುವಾಗಲೂ ಎಂದವು ಮಕ್ಕಳು, ಮುಂದಿನ ಮಾತು ಅವರದೇ ರಚನೆ, ತುದಿನಾಲಿಗೆಯಲ್ಲಿದೆ, ಆಗ ಗೇಟಿನ ಕಮಾನಿನ ಕೆಳಗೆ, ಕನ್ನಡಿಯಲ್ಲಿದ್ದಷ್ಟೇ ಗಾತ್ರದ ಹಳದಿ. ಬೆಳೆಯುತ್ತ ಬಂತು. ಸೈಕಲ್ಲು ಹತ್ತಿಲ್ಲ ಅವಳು, ನೂಕುತ್ತಿದ್ದಾಳೆ, ದಾರಿಯಲ್ಲಿ ಮತ್ತೆ ಕಡಿದ ಚೈನು ಹ್ಯಾಂಡಲಿಗೆ ಸುತ್ತಿಕೊಂಡಿದೆ, ಧೂಳು ಮೆತ್ತಿದ ಮುಖ, ಕೈಗಳೆರಡೂ ಮೊಣಕೈವರೆಗೆ ಕರಿ. ಯಾರತ್ತಲೂ ನೋಡಲಿಲ್ಲ, ಸೈಕಲ್ಲನ್ನು ಗೋಡೆಗೆ ಒರಗಿಸಿದಳು, ಕೊನೆಯ ಸಾಲಿನ ಹಿಂದೆ, ಸಾಲಿಗೆ ಸೇರದ ಹಾಗೆ ಅಷ್ಟು ಅಂತರ ಬಿಟ್ಟು ನಿಂತಳು, ದುಪಟ್ಟಾದ ತುದಿಗೆ ಅಂಗೈ ಒರೆಸಿಕೊಂಡು ಕೈ ಮುಂದೆ ಚಾಚಿದಳು. ಸರ್, ಮುಂದ ಹೇಳ್ರಿ, ಎಂದು ಪಲ್ಲವಿ ಪಕ್ಕದಿಂದ ಪಿಸುಗುಟ್ಟಿದಳು, ಯಾರೂ ನೋಡದಿರುವಾಗಲೂ, ಮಕ್ಕಳು ತಾವಾಗಿ ಮತ್ತೊಮ್ಮೆ ಹೇಳಿದವು, ಮೈಕು ಸಣ್ಣಗೆ ಗುಂಯ್ ಎನ್ನುತ್ತಿತ್ತು, ಯಾರೂ ನೋಡದಿರುವಾಗಲೂ, ಡಾಂಬರಿನ ಮೇಲೆ, ಏರಿನ ನಡುವೆ, ಎಡಕ್ಕೆ ಬಲಕ್ಕೆ ವಾಲುತ್ತ, ಹಳದಿ, ಹಳದಿ —