ಹನ್ನೆರಡು ಜನ ಇಳಿಯಬೇಕಿತ್ತು

ಹಳದಿ, ಕಪ್ಪು, ಹಳದಿ — ಲ್ಯಾಪ್‌ಟಾಪಿನ ತೆರೆಯಲ್ಲಿ ಬಸ್ಸಿನ ಇಂಡಿಕೇಟರ್ ಮಿಣುಕುತ್ತಿದೆ, ಅಪ್ಪ ಹಾಕಿದ್ದು, ಸ್ಟಾಪಿನಿಂದ ಹೊರಡಲೆಂದು ಆಷಾಢದಲ್ಲಿ ಹಾಕಿದ್ದು, ಈಗ ಪಿತೃಪಕ್ಷ ಬಂದಿದೆ, ಒಳಗಿಂದ ವಡೆ ಕರಿಯುವ ವಾಸನೆ, ಬಸ್ಸಿನಲ್ಲಿ ಹನ್ನೆರಡು ಜನ ಕೂತೇ ಇದ್ದಾರೆ, ಕಿಟಕಿಯಾಚೆ ಯಾವುದೋ ದೇಶದ ಹಿಮ, ಶಶಿರೇಖಾ ತೆರೆಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಾಳೆ, ಅಪ್ಪನೂ ಹೀಗೇ ಬಗ್ಗುತ್ತಿದ್ದ, ಸಕ್ಕರೆ ಕಾಯಿಲೆ ಒಂದು ಕಣ್ಣು ತಿಂದ ಮೇಲೆ, ಇಪ್ಪತ್ತೆರಡು ವರ್ಷ ಮದ್ದೂರು–ಮಳವಳ್ಳಿ ಬಸ್ಸು ಓಡಿಸಿದ ಡ್ರೈವರ್ ಸಿದ್ದರಾಮುವನ್ನು ಸ್ಟೇರಿಂಗಿನಿಂದ ಎಬ್ಬಿಸಿದ ಮೇಲೆ ಈ ಆಟದ ಬಸ್ಸು ಸಿಕ್ಕಿತ್ತು, ಇಲ್ಲಿ ಯಾರೂ ನನ್ ಕಣ್ಣ ಕೇಳಕಿಲ್ಲ ಕಣವ್ವ, ನೋಡು, ಆ ಕೆಂಪು ಟೋಪಿ ಮುದುಕಿ ನಮ್ ಮಂಚಮ್ಮ, ಕೋಳಿಗೆ ಟಿಕೀಟು ತಕ್ಕೊ ಅಂದ್ರೆ ಬಯ್ಯೋಳು — ಅಪ್ಪ ನಗುತ್ತಿದ್ದ, ಇದಾದ ಮೇಲೆ ಹೊಸ ಆಟ ಬತ್ತದೆ, ಅದ್ರಲ್ಲಿ ಬೆಟ್ಟದ ದಾರಿ ಅದೆಯಂತೆ, ಮುಂಚೆಯೇ ದುಡ್ಡು ಕಟ್ಟಿಸಿ, ಬಿಡುಗಡೆಯ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಕೊಂಡಿದ್ದ, ಆ ದಿನ ಬಂತು, ಅಪ್ಪ ಇರಲಿಲ್ಲ. ಮೊದುಲ್ನೇ ಎಡೆ ಕಣೆ ಸಸಿ, ಆಸೆ ಪಟ್ಟಿದ್ನ ಇಡ್ಬೇಕು, ಎಂದಳು ಅವ್ವ, ಈ ಹಳೇ ಬಸ್ಸೇ ಇರಲಿ ಅವ್ವ ಅಂದರೆ, ಅರ್ಧ ತಿಂದ ಎಂಜ್ಲ ಯಾರಾರ ಎಡೆ ಇಟ್ಟಾರಾ, ಹೊಸದ ಇಡು, ನೀನೂ ತಗ್ದು ನೋಡ್ಬ್ಯಾಡ — ಹೊಸ ಆಟ ಬೆಳಗಿನಿಂದ ನೆಟ್ಟಿನಲ್ಲಿ ಇಳಿದು ಇಳಿದು ಕೊನೆಯ ಪಾಲಿಗೆ ನಿಂತಿದೆ, ಡಿಸ್ಕಿನಲ್ಲಿ ಜಾಗ ಸಾಲದು, ಡಿಸ್ಕಿನ ಪಟ್ಟಿ ತುದಿಯವರೆಗೂ ಕೆಂಪು, ಮದುವೆ ಫೋಟೊ ಅಳಿಸಿದಳು, ಕಾಲೇಜಿನ ಪಾಠ ಅಳಿಸಿದಳು, ಕೆಂಪು ಕದಲಲಿಲ್ಲ, ರಿಪೇರಿ ಅಂಗಡಿಯ ಪುನೀತ್‌ಗೆ ಫೋನು ಹಚ್ಚಿದರೆ, ಆ ಹಳೇ ಬಸ್ಸಿನ ಗೇಮ್ ತಗೀರಕ್ಕ, ದುಡ್ ಕೊಟ್ ತಗಂಡಿರೋದು ಎಲ್ಗೂ ಓಗಕಿಲ್ಲ, ತಿರ್ಗಾ ಇಳಿಸ್ಕಬೋದು, ಎಂದ, ಅಪ್ಪ ನಿಲ್ಸಿರೋ ಜಾಗ ಇರ್ತದಾ, ಎಂದಳು, ಅದಿರಕಿಲ್ಲ, ಮೊದ್ಲಿಂದ ಓಡಿಸ್ಬೇಕು, ಆ ಜಾಗ ಒಂದನ್ನ ಪೆನ್‌ಡ್ರೈವಿಗೆ ಹಾಕ್ಕೊಡಪ್ಪ ಅಂದರೆ, ಇವತ್ತು ನಮ್ಮನೇಲೂ ಎಡೆ ಅಕ್ಕ, ಅಂಗ್ಡಿ ತಗಿಯಕಿಲ್ಲ.

ಹಳದಿ, ಕಪ್ಪು — ಒಂದ್ನಿಮ್ಸ, ನೀರ್ ಕುಡ್ದು ಬತ್ತೀನಿ, ಎಂದು ಅಪ್ಪ ಎದ್ದದ್ದು ಅವಳಿಗೋ ಆ ಹನ್ನೆರಡು ಜನಕ್ಕೋ ಹೇಳಿ, ಅಡುಗೆಮನೆಯಲ್ಲಿ ಚೊಂಬು ಬಿದ್ದ ಸದ್ದು, ಆಸ್ಪತ್ರೆಯಿಂದ ಬಂದಾಗಲೂ ಇದು ಮಿಣುಕುತ್ತಿತ್ತು, ಅವಳೇ ಉಳಿಸಿ ಮುಚ್ಚಿದ್ದಳು, ಇವತ್ತೇ ಮತ್ತೆ ತೆರೆದದ್ದು, ಜನರನ್ನು ಕೂರಿಸಿಕೊಂಡ ಬಸ್ಸನ್ನು ಅಳಿಸುವುದು ಹೇಗೆ, ಸಸೀ ದೀಪ ಅಚ್ಚೋ ಒತ್ತಾಯ್ತು, ಬಂದೆ ಅವ್ವ, ಇನ್ನೊಂದೇ ಸ್ಟಾಪು, ನಾಲ್ಕು ಕಿಲೋಮೀಟರು, ಬೆರಳು ತಾನಾಗಿ ಗುಂಡಿ ಒತ್ತಿತು, ಬಸ್ಸು ಜರ್ಕು ಹೊಡೆದು ಹೊರಟಿತು, ನಿಧಾನಕ್ಕೆ ಬುಡು, ಇಂದೆ ಬಸುರಿ ಕುಂತಿರ್ಬೋದು, ಅನ್ನುತ್ತಿದ್ದ ಅಪ್ಪ, ಕಂಡಕ್ಟರ್ ಚಿಕ್ಕಮಾದುವಿನ ಮುಂದೆ ಕೊಚ್ಚಿಕೊಳ್ಳುತ್ತಿದ್ದ, ನನ್ ಬಸ್ಸಲ್ಲಿ ತುಂಬಿದ ಚೊಂಬು ತುಳುಕಕಿಲ್ಲ ಕಣ್ಲಾ, ಇವಳ ಕೈಯಲ್ಲಿ ಬಸ್ಸು ಕಂಬಕ್ಕೆ ಉಜ್ಜಿತು, ಯಾರೂ ಬೈಯಲಿಲ್ಲ, ಹಿಮ ಗಾಜಿಗೆ ಬಡಿಯುತ್ತದೆ, ಸೇತುವೆ, ದೀಪಗಳು, ಕೊನೆಯ ಸ್ಟಾಪು, ಬಾಗಿಲು ತೆರೆಯಿತು, ಒಬ್ಬ, ಇಬ್ಬರು, ಎಣಿಸಿದಳು, ಹನ್ನೊಂದು, ಕೆಂಪು ಟೋಪಿಯ ಮುದುಕಿ ಕಡೆಗೆ ಇಳಿದು ಹಿಂದಿರುಗಿ ನೋಡದೆ ಹಿಮದಲ್ಲಿ ನಡೆದಳು. ಹಳೇ ಆಟ ತೆಗೆದುಹಾಕಬೇಕೆ ಎಂದು ಲ್ಯಾಪ್‌ಟಾಪು ಕೇಳಿತು, ಹೌದು ಎಂದಳು, ಕೆಂಪು ಪಟ್ಟಿ ನೀಲಿಯಾಯಿತು, ಪಕ್ಕದಲ್ಲಿ ಒಂದಿಷ್ಟು ಬರೀ ಬಿಳಿ ಜಾಗ, ಅಲ್ಲಿಗೆ ಹೊಸದು ಬಂದು ಕೂತಿತು, ತೆರೆದು ನೋಡದೆ ಲ್ಯಾಪ್‌ಟಾಪನ್ನು ಎಲೆಯ ಪಕ್ಕ ಇಟ್ಟಳು, ಹೊಸ ಪಂಚೆ, ವಡೆ, ಬೀಡಿಕಟ್ಟು, ಅವ್ವ ಕದ ಮುಚ್ಚಿದಳು, ಹಿರೀಕರು ಬಂದು ಉಣ್ಣುವಾಗ ಯಾರೂ ಒಳಗಿರಬಾರದು, ಅಂಗಳದಲ್ಲಿ ಇಬ್ಬರೂ ಬಾಗಿಲಿಗೆ ಬೆನ್ನು ಮಾಡಿ ನಿಂತರು, ಜನ ಇಳುದ್ರಾ, ಅವ್ವ ಮೆಲ್ಲಗೆ ಕೇಳಿದಳು, ಇಳುದ್ರು ಅವ್ವ, ಎಲ್ರೂವಾ, ಊಂ ಎಲ್ರೂ, ಸರಿ ಸಾಕು, ಉಂಡಿರ್ತಾರೆ, ಕದ ತಟ್ಟು ಓಗೋಣ, ಶಶಿರೇಖಾ ಕೈ ಎತ್ತಿದಳು, ಕೈ ಅಲ್ಲೇ ನಿಂತಿತು — ದಾರಿಯುದ್ದಕ್ಕೂ ಇಂಡಿಕೇಟರ್ ಆರಿಸಲೇ ಇಲ್ಲವಲ್ಲ, ಆರಿಸುವ ಗುಂಡಿ ಯಾವುದೆಂದು ಅಪ್ಪನನ್ನು ಕೇಳಿರಲೇ ಇಲ್ಲ, ಖಾಲಿ ಬಸ್ಸು, ತೆರೆದ ಬಾಗಿಲು, ಒಳಗೆ ಬೀಳುತ್ತಿರುವ ಹಿಮ, ಹೊರಡುತ್ತೇನೆ, ಹೊರಡುತ್ತೇನೆ ಎಂದು ಹಳದಿ, ಕಪ್ಪು, ಹಳದಿ